ಕೊಪ್ಪಕ್ಕೆ ಹೋದ ನಮ್ಮ ಮನೆ

ಗೆಳೆಯರೇ, ಇವತ್ತು ಕೊಪ್ಪದ ಸುಧೀಂದ್ರ ನನ್ನ ಹೊಟ್ಟೆ ಉರಿಸಿದ. ಸರ್ಕಾರಿ ನಕ್ಷೆ ನೋಡಿ ತಾಲ್ಲೂಕಿನ ಗಡಿಯನ್ನು ಇಂಟರ್ನೆಟ್ ಮ್ಯಾಪಿಗೆ ಇಳಿಸುವ ಕೆಲಸ ನಮ್ಮಿಬ್ಬರದು. ಕೊಪ್ಪ ಅವನಿಗೆ, ನರಸಿಂಹರಾಜಪುರ ನನಗೆ. ನಡುವಿನ ಗಡಿ ಇಬ್ಬರ ಫೈಲಿನಲ್ಲೂ ಬರುತ್ತದೆ. ಅಲ್ಲಿ ಗಡಿಯ ಹಳ್ಳ ತಿರುಗಿದ ಕಡೆಯೆಲ್ಲ ಸಾವಿರಾರು ಚುಕ್ಕಿ ಇಟ್ಟು ನಾನೂ ಗೆರೆ ತಿರುಗಿಸಿದ್ದೆ. ಅವನು ಹತ್ತು ಚುಕ್ಕಿ ಇಟ್ಟು ನೇರವಾಗಿ ಎಳೆದಿದ್ದ.

ನಮ್ಮ ಆಫೀಸಿನ ಸಾಹೇಬರ ಮುಂದೆ ಎರಡನ್ನೂ ತೆರೆದೆವು. ಅವನದು ಒತ್ತಿದ ಕೂಡಲೇ ಬಂತು. ಅಷ್ಟೂ ಚುಕ್ಕಿ ಹೊತ್ತು ನನ್ನದು ಬರುವಷ್ಟರಲ್ಲಿ ಸಾಹೇಬರ ಕಾಫಿ ಮುಗಿದಿತ್ತು.

"ಗಡಿಗೆ ಇವ್ರ ಗೆರೆನೇ ಇರ್ಲಿ. ಎಷ್ಟು ಚುರುಕಾಗಿದೆ ನೋಡಿ" ಎಂದರು.

"ಸರ್, ಈ ಗೆರೆಯಲ್ಲಿ ಸೀತೂರಿನ ನಮ್ಮನೆ ಕೊಪ್ಪಕ್ಕೆ ಹೋಗಿದೆ" ಎಂದೆ.

ಸುಧೀಂದ್ರ ನಿಧಾನಕ್ಕೆ ಹೇಳಿದ, "ಇರ್ಲಿ ಮಾರಾಯ. ನಮ್ಮ ತಾಲ್ಲೂಕಲ್ಲಿ ನಿಂಗೆ ಎಂತ ಕಡಿಮೆ ಮಾಡ್ತೀವಿ?"

ಸಾಹೇಬರು ನಕ್ಕರು. ನಾನೂ ನಗಬೇಕಾಯಿತು.

ಸಂಜೆ ಮನೆಗೆ ಬಂದು, ತಪ್ಪು ಹುಡುಕೋಣವೆಂದು ಅವನ ಫೈಲನ್ನೇ ತೆರೆದೆ. ನಮ್ಮ ಬಡಕಲು ಕನೆಕ್ಷನ್ನಿನಲ್ಲೂ ಥಟ್ಟನೆ ಬಂತು. ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ, "ಅಂತೂ ಸರಿ ಮಾಡಿದ್ರಿ. ಈ ಸಲ ಚಂದ ಬಂದಿದೆ" ಎಂದಳು.

ನಾನು ಹೂಂ ಎಂದೆ. ನಮ್ಮ ಮನೆ ಅವನು ಇಟ್ಟುಕೊಂಡಿದ್ದಾನೆ, ಹೊಗಳಿಕೆಯಾದರೂ ನನಗಿರಲಿ.