ಅಣ್ಣ ಮಾಡಿದ ಲೋಳೆಸರದ ಕ್ರೀಮು

ನನ್ನ ಮುಖ ಕಂಡವರು ಯಾರೂ ನನ್ನನ್ನು ಕ್ರೀಮುಗಳ ಪಂಡಿತೆ ಎಂದುಕೊಳ್ಳಲಾರರು. ಆದರೂ ಡಬ್ಬಿ ಸಿಕ್ಕರೆ ತಿರುಗಿಸಿ, ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ಓದುವ ಚಟ ಅಂಟಿದೆ. ಅಂಟಿಸಿದವನು ತ್ಯಾಮಗೊಂಡ್ಲಿನ ನನ್ನ ಅಣ್ಣ.

ಹೋದ ವರ್ಷ ಅತ್ತಿಗೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಅಣ್ಣನಿಗೆ ಶಪಿಸಲು ಏನಾದರೊಂದು ಬೇಕಿತ್ತು. ಮೊಬೈಲಿನಲ್ಲಿ ಸಿಕ್ಕಿತು: ಕ್ರೀಮು ಕೆಡದಿರಲೆಂದು ಬೆರೆಸುವ ಪ್ಯಾರಾಬೆನ್. "ಇದೇ ಕಣೇ ಅವಳನ್ನ ತಿಂದಿದ್ದು" ಎಂದು ಅತ್ತಿಗೆಯ ಕ್ರೀಮು, ಲೋಷನ್ನುಗಳನ್ನೆಲ್ಲ ತಿಪ್ಪೆಗೆಸೆದ. ಹಾಗೆನ್ನಲು ಪುರಾವೆಯಿಲ್ಲ ಎಂದು ಡಾಕ್ಟರು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಕಾರಣವೇ ಇಲ್ಲದ ಕಷ್ಟವನ್ನು ಹೊರುವುದು ಮನುಷ್ಯನಿಗೆ ಆಗದ ಮಾತು.

ಕೀಮೋದಿಂದ ಅತ್ತಿಗೆಯ ಚರ್ಮ ಒಣಗಿ ಬಿರಿಯತೊಡಗಿತು. ಅಡುಗೆಮನೆಗೆ ಕಾಲಿಡದ ಅಣ್ಣ ಲೋಳೆಸರ ಸೀಳಿ, ತಿರುಳು ರುಬ್ಬಿ, ಕೊಬ್ಬರಿ ಎಣ್ಣೆ, ಪನ್ನೀರು ಬೆರೆಸಿ ಬಾಟಲಿಗೆ ತುಂಬಿದ. "ಒಂದು ತೊಟ್ಟು ಕೆಮಿಕಲ್ ಇಲ್ಲ" ಎಂದು ಬೀಗಿದ. ತಾನೇ ದಿನವೂ ಹಚ್ಚಿದ.

ನಾನು ಹೋದಾಗ ಸುಡುಬೇಸಿಗೆ. ಅತ್ತಿಗೆಯ ಹತ್ತಿರ ಕೂತರೆ ಹಳಸಿದ ವಾಸನೆ.

"ಏನತ್ತಿಗೆ, ಈ ಕ್ರೀಮು ಕೆಟ್ಟೋಗಿದೆಯಲ್ಲ?"

"ಮೆಲ್ಲಗೆ ಮಾತಾಡಮ್ಮ. ಅಷ್ಟು ಆಸೆಯಿಂದ ಮಾಡವ್ರೆ. ಕೇಳಿದ್ರೆ ನೊಂದ್ಕೊತಾರೆ."

ನಾನು ಬಾಟಲಿ ಕಿತ್ತುಕೊಳ್ಳುವ ಹೊತ್ತಿಗೆ ಅತ್ತಿಗೆಯ ಮುಂಗೈ ತುಂಬ ಕೆಂಪು ಗುಳ್ಳೆಗಳೆದ್ದು ಕೀವಾಗಿತ್ತು. ಜ್ವರವೇರಿತು. ಆಸ್ಪತ್ರೆಗೆ ಸೇರಿಸಿದೆವು. ಮುಂದಿನ ಕೀಮೋ ನಿಂತುಹೋಯಿತು.

"ನೀರಿನಂಶ ಇರೋದು ಹಂಗೇ ಇಟ್ರೆ ಬೂಸ್ಟು ಹಿಡಿಯಲ್ವೇನ್ರೀ? ಇವರ ಮೈಯಲ್ಲಿ ಈಗ ಅದನ್ನ ತಡೆಯೋ ಶಕ್ತಿ ಇಲ್ಲ" ಎಂದರು ಡಾಕ್ಟರು. ಅಣ್ಣ ವಾರ್ಡಿನ ಹೊರಗೆ ತನ್ನ ಅಂಗೈಗಳನ್ನೇ ನೋಡುತ್ತ ಕೂತ. "ನಾನೇ ಹಚ್ಚಿದ್ನಲ್ಲೇ" ಎಂದ.

ನಮ್ಮ ಅಜ್ಜಿಯರು ಸೀಗೆಪುಡಿ, ಕಡಲೆಹಿಟ್ಟು ಒಣಗಿಸಿಟ್ಟು, ಬೇಕೆಂದಾಗ ಬೇಕಾದಷ್ಟೇ ಕಲಸಿಕೊಳ್ಳುತ್ತಿದ್ದರು. ಅಜ್ಜಿಯ ಸಾಮಾನನ್ನು ಅಂಗಡಿಯ ಬಾಟಲಿಯಲ್ಲಿ ತುಂಬಿಡುವ ದುರಾಸೆ ನಮ್ಮದು. ಪ್ರಕೃತಿ ಎಂದರೆ ಲೋಳೆಸರ ಮಾತ್ರವಲ್ಲ, ಬೂಸ್ಟೂ ಪ್ರಕೃತಿಯೇ. ಈ ಜಾಣತನ ನನಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಅತ್ತಿಗೆ ಇನ್ನಷ್ಟು ಇಳಿದುಹೋಗಿ ಮನೆಗೆ ಬಂದರು. ಅಣ್ಣ ನೆಲಮಂಗಲದ ಮೆಡಿಕಲ್ ಸ್ಟೋರಿನಿಂದ ಡಾಕ್ಟರು ಬರೆದುಕೊಟ್ಟ ಕ್ರೀಮು ತಂದು ಹಾಸಿಗೆಯ ಪಕ್ಕದಲ್ಲಿಟ್ಟ.

"ಮೂರು ವರ್ಷ ಕೆಡಲ್ವಂತೆ" ಎಂದ, ತಲೆ ತಗ್ಗಿಸಿ.

ಅತ್ತಿಗೆ ಬಹಳ ದಿನಗಳ ಮೇಲೆ ನಕ್ಕರು. "ಅಲ್ಲೀವರ್ಗೂ ನಾನು ಕೆಡ್ದಂಗಿದ್ರೆ ಸಾಕು ಬಿಡಿ."

ಅಣ್ಣ ನಗಲಿಲ್ಲ. ಮುಚ್ಚಳ ತಿರುಗಿಸಿ ತೆಗೆದು, ಅತ್ತಿಗೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡ.