ಕೆಮ್ಮಣ್ಣಿನಲ್ಲಿ ಉಜ್ಜಿದ ಬಾಟಲಿ

ನಮ್ಮವ್ವ ಯಾವ ಪಾತ್ರೆಯನ್ನೂ ಬರಿದಾಗಿ ಹೊಸಿಲು ದಾಟಿಸುತ್ತಿರಲಿಲ್ಲ. ಪಕ್ಕದ ಮನೆಯವರು ಸಾರು ಕೊಟ್ಟ ಬಟ್ಟಲು ಹಿಂದಿರುಗುವಾಗ ಅದರಲ್ಲಿ ನಾಲ್ಕು ಹಸಿಮೆಣಸಿನಕಾಯಿಯಾದರೂ ಇರಬೇಕು. ಏನೂ ಇಲ್ಲದ ದಿನ ಬಾವಿಯ ನೀರು. ಅದಕ್ಕೂ ಮೊದಲು ಪಾತ್ರೆಯನ್ನು ಕೆಮ್ಮಣ್ಣು ಹಾಕಿ ಉಜ್ಜಬೇಕು. ನಮ್ಮೂರು ತಿಗನಾರೆಯಲ್ಲಿ ಆ ಮಣ್ಣಿಗೇನು ಬರ? ಬಟ್ಟೆ ಕಲ್ಲಿನ ಪಕ್ಕದಲ್ಲಿ ಅದರದೊಂದು ಗುಡ್ಡೆ ಯಾವಾಗಲೂ ಇರುತ್ತಿತ್ತು. ನಾನು ತಂದುಕೊಟ್ಟ ಸೋಪಿನ ಡಬ್ಬಗಳನ್ನು ಅಟ್ಟಕ್ಕೇರಿಸಿ ಮತ್ತೆ ಮಣ್ಣಿಗೇ ಕೈ ಹಾಕುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಆಗ ನಾನು ಕೊಯಮತ್ತೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ತೆಗೆಯುವ ಕೆಲಸ. ಅವ್ವನಿಗೆ ಹೇಳಿದಾಗ, ಕಲ್ಲು ಒಡೆಯುವವರಿಗೆ ಕೂಲಿ ಕೊಡುವುದು ಗೊತ್ತು, ನೀರು ಒಡೆಯುವವರಿಗೂ ಕೊಡುತ್ತಾರಾ ಎಂದು ಕೇಳಿದ್ದಳು. ಪ್ರಶ್ನೆ ಸರಿಯಾಗಿಯೇ ಇತ್ತು. ನೀರು ಒಡೆಯುವುದು ಕಲ್ಲು ಒಡೆಯುವುದಕ್ಕಿಂತ ಕಷ್ಟ. ಜಲಜನಕವೇನೋ ಹೇಳಿದ ಮಾತು ಕೇಳುತ್ತದೆ, ಆಮ್ಲಜನಕ ಮಾತ್ರ ಮಹಾ ಹಟಮಾರಿ. ಅದನ್ನು ಒಲಿಸಲು ಒಂದು ವೇಗವರ್ಧಕ ಬೇಕು. ನಾನು ಹಿಡಿದುಕೊಂಡಿದ್ದು ನಿಕ್ಕಲ್ ಆಕ್ಸೈಡನ್ನು. ವಿದ್ಯುತ್ತು ಹರಿಯುವಂಥ ಗಾಜಿನ ಮೇಲೆ ತೆಳ್ಳಗೆ ಬಳಿದು ಕ್ಷಾರದ ನೀರಿನಲ್ಲಿ ಮುಳುಗಿಸಿ ವಿದ್ಯುತ್ ಕೊಟ್ಟರೆ ಬಣ್ಣವಿಲ್ಲದ ಲೇಪ ಕಪ್ಪಾಗುತ್ತದೆ. ಆಮೇಲೆ ಗುಳ್ಳೆ ಬರುವುದನ್ನು ಕಾಯಬೇಕು. ಎಷ್ಟು ಕಡಿಮೆ ವೋಲ್ಟೇಜಿಗೆ ಗುಳ್ಳೆ ಬರುತ್ತದೋ ಅಷ್ಟು ಒಳ್ಳೆಯ ಲೇಪ. ನನ್ನ ಗುಳ್ಳೆಗಳು ಎರಡು ವರ್ಷ ಸೋಮಾರಿಗಳಾಗಿಯೇ ಇದ್ದವು.

ಒಂದು ಸಲ ಬಸ್ಸಿಗೆ ಓಡುವ ಆತುರದಲ್ಲಿ, ಕ್ಷಾರ ತುಂಬಿಡಲೆಂದು ತಂದಿದ್ದ ಅಗಲ ಬಾಯಿಯ ಹೊಸ ಪ್ಲಾಸ್ಟಿಕ್ ಬಾಟಲಿಯೊಂದು ಬಟ್ಟೆಗಳ ನಡುವೆ ಸೇರಿ ಊರಿಗೆ ಬಂದುಬಿಟ್ಟಿತು. ಕೊಯಮತ್ತೂರಿಗೆ ಹಿಂದಿರುಗಿದ ಮೇಲೆ ನೋಡಿದರೆ ಬಾಟಲಿಯ ತುಂಬ ನಮ್ಮ ಬಾವಿಯ ನೀರು. ಯಾರಾದರೂ ನೋಡಿಯಾರೆಂದು ಹಾಸ್ಟೆಲ್ಲಿನ ಕಿಟಕಿಯಿಂದ ಚೆಲ್ಲಿದೆ. ಒಂದು ಗುಟುಕೂ ಕುಡಿಯಲಿಲ್ಲ. ಲ್ಯಾಬಿನ ಶುದ್ಧ ನೀರಿನಲ್ಲಿ ಬಾಟಲಿಯನ್ನು ಎರಡು ಸಲ ಜಾಲಿಸಿ ಕ್ಷಾರ ತುಂಬಿದೆ.

ಆ ವಾರ ಗುಳ್ಳೆಗಳು ಬಂದ ರೀತಿಯೇ ಬೇರೆ. ಅನ್ನ ಉಕ್ಕಿದ ಹಾಗೆ ಬಂದವು. ವೋಲ್ಟೇಜ್ ಇಷ್ಟು ಇಳಿದಿದೆಯೆಂದರೆ ಯಂತ್ರವೇ ಕೆಟ್ಟಿರಬೇಕೆಂದುಕೊಂಡೆ. ಕೆಟ್ಟಿರಲಿಲ್ಲ. ಮೂರು ದಿನ ಎಡೆಬಿಡದೆ ನಡೆಸಿದರೂ ಲೇಪ ಸೋಲಲಿಲ್ಲ.

ಬಾಟಲಿ ಖಾಲಿಯಾಯಿತು, ಗುಳ್ಳೆಗಳೂ ಹಳೆಯ ಚಾಳಿಗೆ ಬಿದ್ದವು. ಹೊಸ ಬಾಟಲಿಯಲ್ಲಿ ಹೊಸ ಕ್ಷಾರ ಮಾಡಿದೆ, ಹೊಸ ಲೇಪ ಬಳಿದೆ, ಏನೂ ಆಗಲಿಲ್ಲ. ನನ್ನ ಗೈಡ್ ಶುದ್ಧಿಯ ಹುಚ್ಚಿನವರು. ನಿಕ್ಕಲ್ಲಿನ ಸ್ವಂತ ಗುಣವೇ ಕಾಣಬೇಕು, ಕ್ಷಾರದಲ್ಲಿ ಕಬ್ಬಿಣದ ಸುಳಿವೂ ಇರಬಾರದೆಂದು ಮತ್ತೆ ಮತ್ತೆ ಸೋಸಿಸುತ್ತಿದ್ದರು. ಅವರು ನನ್ನ ನೋಟ್‌ಬುಕ್ಕಿನ ಆ ವಾರದ ಪುಟವನ್ನು ಬಹಳ ಹೊತ್ತು ನೋಡಿದರು. ಇನ್ನೊಂದು ಸಲ ಮಾಡಿ ತೋರಿಸದಿದ್ದರೆ ಇದನ್ನು ಹೊಡೆದುಹಾಕಬೇಕು ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಸುಳ್ಳು ಬರೆದಿದ್ದೀಯೆ ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಜೊತೆಯವರು ನನ್ನ ಅಂಕಿಗಳನ್ನು ಕೇಳುವಾಗ ತುಟಿಯಲ್ಲೇ ನಗುವುದು ಶುರುವಾಯಿತು.

ನಾಲ್ಕು ತಿಂಗಳು ಹೀಗೇ ಕಳೆಯಿತು. ಊರಿಗೆ ಹೋಗಲಿಲ್ಲ. ಪುಟ ಉಳಿಸಿಕೊಂಡೇ ಹೋಗುತ್ತೇನೆಂಬ ಹಟ. ಅಷ್ಟರಲ್ಲಿ ಅರಿಸಿನದ ಹೊಲದಲ್ಲಿ ಕಳೆ ಕೀಳುತ್ತಿದ್ದ ಅವ್ವ ಅಲ್ಲೇ ಕುಸಿದಳು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನ ಬಂದವರೆಲ್ಲ ಉಂಡು ಹೋದ ಮೇಲೆ, ತಮ್ಮನ ಹೆಂಡತಿ ಬಟ್ಟೆ ಕಲ್ಲಿನ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ಅವ್ವ ಕೂಡಿಟ್ಟಿದ್ದ ಕೆಮ್ಮಣ್ಣಿನ ಗುಡ್ಡೆ ತಳ ಕಂಡಿತ್ತು. ನಾನು ಪಕ್ಕದಲ್ಲಿ ಕುಳಿತಿದ್ದೆ. ಅವಳೇ ಮಾತು ತೆಗೆದಳು.

"ನಿಮ್ ಬಾಟ್ಲಿನೂ ಇದ್ರಲ್ಲೇ ಉಜ್ಜಿದ್ರು ಕಣಕ್ಕ ಅತ್ತೆವ್ವ. ಒಸ ಪಿಲಾಸ್ಟಿಕ್ಕು, ನಾತ ಒಡೀತದೆ, ನಮ್ ಕೂಸು ಎಂಗ್ ಕುಡ್ದದು ಅಂತ ಒಳೀಕೆ ಕೈ ಬುಟ್ಟು ಮೂರು ಸಲ ಉಜ್ಜಿದ್ರು."

ಮಣ್ಣು ಕೆಂಪಗಿರುವುದು ಕಬ್ಬಿಣದಿಂದ. ನಿಕ್ಕಲ್ ಆಕ್ಸೈಡಿಗೆ ಕಬ್ಬಿಣ ಒಂದಿಷ್ಟು ಸೋಕಿದರೆ ಸಾಕು, ಅದರ ಗುಣವೇ ಬದಲಾಗುತ್ತದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನೂ ಓದಿದ್ದೆ. ಆದರೆ ಆ ಕಬ್ಬಿಣ ಅವ್ವನ ಕೈಯಿಂದ, ಬಾಟಲಿಯ ಒಳಗಿನ ಗೀರುಗಳಲ್ಲಿ ಕುಳಿತು ಬಂದೀತೆಂದು ಯಾವ ಪುಸ್ತಕ ಹೇಳುತ್ತದೆ? ಅವಳ ಮಡಿ ನನ್ನ ಲ್ಯಾಬಿನಲ್ಲಿ ಕೊಳೆಯಾಗಿತ್ತು, ಆ ಕೊಳೆಯೇ ನನ್ನ ಕೆಲಸ ಮಾಡಿಕೊಟ್ಟಿತ್ತು. ಉಳಿದಿದ್ದ ಮಣ್ಣಿನಲ್ಲಿ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿಕೊಂಡೆ.

ಲ್ಯಾಬಿಗೆ ಬಂದು ಹೊಸ ಬಾಟಲಿಯೊಂದನ್ನು ಅದರಲ್ಲಿ ಮೂರು ಸಲ ಉಜ್ಜಿದೆ. ನೀರಿನಲ್ಲಿ ಜಾಲಿಸಿ ಕ್ಷಾರ ತುಂಬಿದೆ. ಮರುದಿನ ಗೈಡ್ ಬಂದು ನಿಂತು ನೋಡುತ್ತಿದ್ದ ಹಾಗೆಯೇ ಗುಳ್ಳೆಗಳು ಉಕ್ಕಿದವು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪುಟ ಇರಲಿ ಎಂದರು. ಆದರೆ ಮಣ್ಣು ನಡೆಯುವುದಿಲ್ಲ, ಕಬ್ಬಿಣದ ಲವಣ ತಂದು ತೂಕ ಹಾಕಿ ಸೇರಿಸು ಎಂದರು. ಅವರ ಮಾತು ಸರಿ. ಹಾಗೆಯೇ ಮಾಡಿದೆ. ನನ್ನ ಪ್ರಬಂಧದಲ್ಲಿ ಕಬ್ಬಿಣ ಎಲ್ಲಿಂದ ಬಂತೆಂಬಲ್ಲಿ ಅಂಗಡಿಯ ಡಬ್ಬಿಯ ವಿವರವಿದೆ. ಮಣ್ಣಿನ ಮಾತಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಂಥದೇ ಹೊಸ ಬಾಟಲಿಯೊಂದನ್ನು ಬೇಕೆಂದೇ ಒಯ್ದೆ. ಬಟ್ಟೆ ಕಲ್ಲಿನ ಮೇಲೆ ಬೇಕೆಂದೇ ಮರೆತೆ. ಯಾರಿಗೂ ಏನೂ ಹೇಳಲಿಲ್ಲ. ಹೊರಡುವ ದಿನ ತಮ್ಮನ ಹೆಂಡತಿ ಅದನ್ನು ನನ್ನ ಚೀಲದೊಳಗೆ ಇಡುವುದು ಕಂಡಿತು. ನಾನು ಬೇರೆ ಕಡೆ ನೋಡಿದೆ. ಎಳೆಯ ಕೂಸಿನಂತೆ ಆಸೆಪಟ್ಟೆ, ನಾಚಿಕೆಯಿಲ್ಲದೆ.

ಕೊಯಮತ್ತೂರಿನ ಬಸ್ಸು ಇಳಿಯುವ ದಿಂಬಂ ಘಾಟಿಯ ಮೊದಲ ತಿರುವಿಗೇ ಚೀಲ ಮಡಿಲಲ್ಲಿ ಹಗುರವಾಗಿ ಜಾರಿತು. ಕೈಹಾಕಿ ಬಾಟಲಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು. ತೆರೆದರೆ ನಾನೇ ತಂದುಕೊಟ್ಟಿದ್ದ ಸೋಪಿನ ನಿಂಬೆಹಣ್ಣಿನ ವಾಸನೆ. ಒಳಗೆ ಫಳಫಳ ಹೊಳೆಯುತ್ತಿತ್ತು, ಒಂದು ತೊಟ್ಟೂ ನೀರಿರಲಿಲ್ಲ.