ಎಡಗೈಯ ಗಡಿಯಾರ

ದೊಡ್ಡಪ್ಪನ ಎಡಗೈ ದಿನದ ಅರ್ಧ ಹೊತ್ತು ಕಿವಿಯ ಹತ್ತಿರವೇ ಇರುತ್ತಿತ್ತು. ಮುಷ್ಟಿಯಲ್ಲಿ ನಾಲ್ಕು ಶೇಂಗಾ ಕಾಯಿ, ಮಣಿಕಟ್ಟಿನಲ್ಲಿ ಕಂದು ಪಟ್ಟಿಯ ಗಡಿಯಾರ. ಚಳ್ಳಕೆರೆಯ ಮಂಡಿಯಲ್ಲಿ ದಲ್ಲಾಳಿಯಾಗಿದ್ದ ಅವರು ಕಾಯಿಯನ್ನು ಗಲಗಲ ಅಲುಗಾಡಿಸಿ, ಒಳಗಿನ ಬೀಜ ಒಣಗಿದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಯಿಯ ಸದ್ದು ಮುಗಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಆಗ ಅವರು ಕೇಳುತ್ತಿದ್ದದ್ದು ಗಡಿಯಾರವನ್ನು.

ಅವರಿಗೆ ಗಡಿಯಾರದ ಹುಚ್ಚು. ಅದೂ ಅಂಥಿಂಥವಲ್ಲ, ಸೆಲ್ಲಿಲ್ಲದೆ ಬರೀ ಚಕ್ರ, ಸ್ಪ್ರಿಂಗುಗಳಿಂದ ಓಡುವ, ಕಂಪನಿಯವರು ಇಷ್ಟೇ ಎಂದು ಎಣಿಸಿ ಮಾಡಿ ನಿಲ್ಲಿಸಿಬಿಡುವ ಲಿಮಿಟೆಡ್ ಎಡಿಷನ್ ಗಡಿಯಾರಗಳು. ಬೀರುವಿನಲ್ಲಿ ಸೀರೆಗೆಂದು ಇದ್ದ ಜಾಗವೆಲ್ಲ ಅವುಗಳ ಡಬ್ಬಿಗಳ ಪಾಲಾಗಿತ್ತು. ದೊಡ್ಡವ್ವ ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. "ಎಲ್ಲಾ ತೋರ್ಸೋದು ಅದೇ ಟೈಮು ತಾನೇ, ಇಷ್ಟೊಂದ್ಯಾಕ್ರಿ?" ಎಂದು ಕೇಳಿದರೆ ದೊಡ್ಡಪ್ಪ, "ನಿಮ್ಮಪ್ಪ ನಿನ್ ಮದುವೆಗೆ ನೇಯ್ದ ಸೀರೆ ಇನ್ಯಾರ ಮೈಮ್ಯಾಲಾದ್ರೂ ಐತಾ? ಇದೂ ಹಂಗೇ" ಎನ್ನುತ್ತಿದ್ದರು.

ಕಂದು ಪಟ್ಟಿಯದು ಅವರ ಜೀವ. ಬೆನ್ನಿನ ಗಾಜಿನ ಸುತ್ತ ನೂರರಲ್ಲಿ ಎಷ್ಟನೆಯದು ಎಂದು ಕೊರೆದಿತ್ತು. ಕೈ ಆಡಿದಂತೆಲ್ಲ ಒಳಗೊಂದು ಅರ್ಧಚಂದ್ರಾಕಾರದ ತೂಕ ತಿರುಗಿ, ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುತ್ತಿತ್ತು. ಹೀಗೇ ಗಡಿಯಾರ ಕೂಡಿಡುವ ಬೆಂಗಳೂರಿನ ಗೆಳೆಯರೊಬ್ಬರು, ಇಂಥದ್ದನ್ನು ಮಂಡಿಯ ಧೂಳಿನಲ್ಲಿ ಕಟ್ಟುತ್ತಾರೆಯೇ, ಗಾಜಿಗೆ ಅಂಟಿಸಿ ಬಂದ ಪ್ಲಾಸ್ಟಿಕ್ ಹಾಳೆ ಕೂಡ ಕೀಳಬಾರದು ಎಂದು ಗದರಿದ್ದರು. ದೊಡ್ಡಪ್ಪ ನಕ್ಕು, ಮರುದಿನವೂ ಅದನ್ನೇ ಕಟ್ಟಿ ಮಂಡಿಗೆ ಹೋದರು. ಚಾರ್ಜಿಗೆ ಹಾಕುವ ನನ್ನ ವಾಚನ್ನು ಕಂಡರೆ ಮಾತ್ರ ಬಿಡುತ್ತಿರಲಿಲ್ಲ. "ನಿಂದಕ್ಕೆ ದಿನಾ ಉಣ್ಣಿಸ್ಬೇಕಲ್ಲವ್ವಾ. ನಂದು ನನ್ ಜತೆ ದುಡಿದು ಉಣ್ತೈತೆ."

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆ ಎಡಗೈಯೇ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದವರು ಮೊದಲು ಕೇಳಿದ್ದು ಗಡಿಯಾರ. ದೊಡ್ಡವ್ವ ಅದನ್ನು ಓಡಿಸಿ ಕಟ್ಟಿದಳು. ಎರಡು ದಿನಕ್ಕೆ ಅದು ನಿಂತಿತು. ದೊಡ್ಡಪ್ಪ ಊಟ ಬಿಟ್ಟು ನಿಂತ ಮುಳ್ಳನ್ನೇ ನೋಡುತ್ತ ಕೂತರು. ಬಲಗೈಗೆ ಕಟ್ಟಿಕೊಳ್ಳಿ ಎಂದೆ.

"ಬಲಗೈಗೇನಾಗೈತೆ? ಇದು ಈ ಕೈಯಾಗೆ ಓಡಿದ್ರೆ ನನ್ ಕೈ ಬಂತು ಅಂತ."

ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳು ಓಡುತ್ತಿತ್ತು. ದೊಡ್ಡಪ್ಪನ ಮುಖ ಅರಳಿತು. ಹಿಂದೆಯೇ ಕಣ್ಣು ಪಟ್ಟಿಯ ಮೇಲೆ ಬಿತ್ತು. ಅದು ಒಂದು ತೂತು ಬಿಗಿಯಾಗಿತ್ತು. ಅವರು ಏಳುವ ಮುಂಚೆ ದೊಡ್ಡವ್ವ ಬಿಚ್ಚಿ, ಜರಡಿ ಆಡಿಸಿದಂತೆ ಅಲುಗಾಡಿಸಿ, ಮತ್ತೆ ಕಟ್ಟಿದ್ದಳು.

"ನೀನು ಮುಟ್ಟಬ್ಯಾಡ ಕಣೇ," ಎಂದರು ದೊಡ್ಡಪ್ಪ, ಸಿಟ್ಟಿಲ್ಲದೆ. "ನನ್ ಕೈ ಮಾಡ್ಬೇಕಾದ ಕೆಲಸ ಅದು."

"ಆತು, ಮುಟ್ಟಲ್ಲ," ಎಂದು ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದೊಡ್ಡಪ್ಪ ಮೂಲೆಗೆ ತಳ್ಳಿ ಶೇಂಗಾ ತರಿಸಿದರು. ಮೊಳಕಾಲ್ಮೂರಿನಲ್ಲಿ ಕೆಲಸಕ್ಕಿದ್ದ ನಾನು ಪ್ರತಿ ಭಾನುವಾರ ಹೋಗಿ ಅವರ ಅಂಗೈಯಲ್ಲಿ ಕಾಯಿ ಇಟ್ಟು, ಬೆರಳು ಮಡಚಿ, ಮೊಣಕೈ ಹಿಡಿದು ಎತ್ತುತ್ತಿದ್ದೆ. ಮಿಕ್ಕ ದಿನ ದೊಡ್ಡವ್ವನ ಸರದಿ. ಕಾಯಿ ಉದುರುತ್ತಲೇ ಇದ್ದವು. ಬಿದ್ದ ಕಾಯಿಯಲ್ಲೇ ಮನೆಯ ಚಟ್ನಿಪುಡಿ ಆಗಿಹೋಯಿತು. ಮಳೆಗಾಲ ಕಳೆಯಿತು, ಮಂಡಿಗೆ ಹೊಸ ಕಾಯಿ ಬಂತು. ಒಂದು ಭಾನುವಾರ ಬೆರಳುಗಳು ತಾವೇ ಮುಚ್ಚಿಕೊಂಡವು. ನಾನು ಮೊಣಕೈ ಬಿಟ್ಟೆ. ಕೈ ನಡುಗುತ್ತ ಎದೆಯವರೆಗೆ ಬಂತು, ಕಿವಿಗೆ ಏರಲಿಲ್ಲ. ದೊಡ್ಡಪ್ಪ ತಲೆಯನ್ನೇ ಬಗ್ಗಿಸಿ ಕಿವಿಯನ್ನು ಕೈಗೆ ತಂದರು. ಕಾಯಿ ಗಲ್ ಎಂದವು. ಸೆಕೆಂಡಿನ ಮುಳ್ಳು ಹೊರಟಿತು.

ನಾನು ಅಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಬೀಜ ಚೆನ್ನಾಗಿ ಒಣಗೈತೆ," ಎಂದರು.

ಮುಂದೆ ಆ ಗಡಿಯಾರ ಅವರ ಕೈಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುವಷ್ಟಾಯಿತು. ಈ ವರ್ಷ ಎರಡನೆಯ ಸಲ ಲಕ್ವ ಹೊಡೆದಾಗ ದೊಡ್ಡಪ್ಪ ಉಳಿಯಲಿಲ್ಲ. ಬಿದ್ದದ್ದನ್ನು ಆಯ್ದು ಮತ್ತೆ ಅಂಗೈಯಲ್ಲಿಡುವ ತಾಳ್ಮೆಯನ್ನು ನಾನು ಕಲಿತದ್ದು ಅವರ ಮುಂದೆ ಕೂತು. ಬೆಂಗಳೂರಿನ ಗೆಳೆಯರು ಬಂದು ಉಳಿದ ಗಡಿಯಾರಗಳನ್ನು ಒಯ್ದರು. ಕಂದು ಪಟ್ಟಿಯದನ್ನು ದೊಡ್ಡವ್ವ ಕೊಡಲಿಲ್ಲ.

ಮೊನ್ನೆ ಹೋದಾಗ ಅದು ಅವಳ ಬಳೆಗಳ ನಡುವೆ ಸಡಿಲವಾಗಿ ನೇತಾಡುತ್ತಿತ್ತು. ನಿಂತುಹೋಗಿತ್ತು. ದೊಡ್ಡವ್ವ ಬಿಚ್ಚಿ, ಜರಡಿ ಆಡಿಸಿದಂತೆ ಅಲುಗಾಡಿಸಿ, ಕಿವಿಯ ಹತ್ತಿರ ಹಿಡಿದಳು.

"ಮುಟ್ಟಬ್ಯಾಡ ಅನ್ನೋರು ಈಗ ಯಾರಿದಾರವ್ವಾ," ಎಂದಳು.